ಮಿಲಿಟರಿ ಗಡಿಯಾರ ಮಲೆನಾಡಿನ ಮಳೆಯಲ್ಲಿ ಬಾಳುತ್ತದೆಯೇ?

ಪ್ರಶ್ನೆ: ನಾನು ಚಿಕ್ಕಮಗಳೂರಿನಲ್ಲಿ ಶಿಕ್ಷಕ. ರಜೆ ಸಿಕ್ಕಾಗಲೆಲ್ಲ ಗೆಳೆಯರೊಂದಿಗೆ ಬೈಕಿನಲ್ಲಿ ಹೊರಡುತ್ತೇನೆ. ಮೂಡಿಗೆರೆ, ಸಕಲೇಶಪುರ ಕಡೆಯ ಪರಿಚಯದವರ ತೋಟಗಳಲ್ಲಿ ಟೆಂಟ್ ಹಾಕಿ ಉಳಿಯುವುದು ರೂಢಿ. ‘ಮಿಲಿಟರಿ ದರ್ಜೆ, 50 ಮೀಟರ್ ನೀರು ತಡೆಯುತ್ತದೆ’ ಎಂಬ ಜಾಹೀರಾತು ನೋಡಿ ಕಳೆದ ವರ್ಷ ಆನ್‌ಲೈನ್‌ನಲ್ಲಿ 1,800 ರೂಪಾಯಿಗೆ ದೊಡ್ಡದೊಂದು ಗಡಿಯಾರ ಕೊಂಡೆ. ಜುಲೈನಲ್ಲಿ ತೋಟದಲ್ಲಿ ಎರಡು ರಾತ್ರಿ ಉಳಿದಾಗ ಗಾಜಿನ ಒಳಗೆ ಹನಿ ಕಟ್ಟಿತು. ಅಕ್ಕಿ ಡಬ್ಬದಲ್ಲಿ ಹೂತಿಟ್ಟೆ. ಹನಿ ಹೋಯಿತು, ಆದರೆ ತಿಂಗಳೊಳಗೆ ಗಡಿಯಾರವೇ ನಿಂತಿತು. ಈಗ ಎಂಟು ಸಾವಿರದವರೆಗೆ ಖರ್ಚು ಮಾಡಲು ಸಿದ್ಧ. ನಿಜವಾದ ಮಿಲಿಟರಿ ದರ್ಜೆಯದ್ದನ್ನೇ ಕೊಳ್ಳು ಎಂದು ಒಬ್ಬ ಗೆಳೆಯ ಹೇಳಿದರೆ, ದಿಕ್ಸೂಚಿ ಮತ್ತು ಎತ್ತರಮಾಪಕ ಇಲ್ಲದಿದ್ದರೆ ದಂಡ ಎನ್ನುತ್ತಾನೆ ಇನ್ನೊಬ್ಬ. ಅಮೆರಿಕದಲ್ಲಿರುವ ಸಂಬಂಧಿಯೊಬ್ಬರು ಉಪಗ್ರಹದ ಮೂಲಕ ಸಂದೇಶ ಕಳುಹಿಸುವ ಗಡಿಯಾರ ತಂದುಕೊಡುತ್ತೇನೆ ಎಂದಿದ್ದಾರೆ. ಮನೆಯಲ್ಲಿ ಅಪ್ಪನ ಎಚ್‌ಎಂಟಿ ಪೈಲಟ್ ಇದೆ. ಅದನ್ನೇ ಸರಿಮಾಡಿಸಿ ಕಟ್ಟಿಕೊಳ್ಳಲೇ? ಕತ್ತಲಲ್ಲಿ ಹೊಳೆಯುವ ರೇಡಿಯಂ ಮೈಗೆ ಕೆಟ್ಟದ್ದೇ?

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಹಲವು, ಆತಂಕ ಒಂದೇ: ಗಟ್ಟಿ ಎಂದು ನಂಬಿ ಕೊಂಡದ್ದು ಒಂದು ಮಳೆಗಾಲವನ್ನೂ ದಾಟಲಿಲ್ಲ, ಮುಂದಿನದ್ದೂ ಹಾಗೆಯೇ ಆದರೆ? ಹಾಸನದಲ್ಲಿ ಗಡಿಯಾರ ರಿಪೇರಿಯ ಮೇಜಿಗೆ ಕುಳಿತವನಿಗೆ ಈ ದೂರು ಹೊಸದಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಕಲೇಶಪುರ, ಆಲೂರು, ಬೇಲೂರು, ಮೂಡಿಗೆರೆ ಕಡೆಯಿಂದ ನನ್ನ ಬಳಿ ಬರುವ ಗಡಿಯಾರಗಳಲ್ಲಿ ಕಲ್ಲಿಗೆ ಬಡಿದು ಒಡೆದವು ಕಡಿಮೆ. ತೇವ ಹೊಕ್ಕು ಸತ್ತವು ಹೆಚ್ಚು. ಅವುಗಳಲ್ಲಿ ಎಷ್ಟೋ ಗಡಿಯಾರಗಳ ಮುಖದ ಮೇಲೆ ಯುದ್ಧ, ಕಮಾಂಡೊ, ಟ್ಯಾಕ್ಟಿಕಲ್ ಎಂಬ ಪದಗಳಿರುತ್ತವೆ. ಆದ್ದರಿಂದ ಮುಖ ನೋಡುವ ಗೋಜಿಗೆ ಹೋಗದೆ ಹಿಂಬದಿಯ ಮುಚ್ಚಳ ತೆಗೆದು ರಬ್ಬರ್ ಉಂಗುರ ನೋಡುವುದು ನನಗೆ ಅಭ್ಯಾಸವಾಗಿದೆ.

ಮೊದಲು ‘ಮಿಲಿಟರಿ ದರ್ಜೆ’ಯ ವಿಷಯ ಮುಗಿಸೋಣ. ಡಬ್ಬಿಗಳ ಮೇಲೆ ಕಾಣುವ ‘ಮಿಲ್-ಎಸ್‌ಟಿಡಿ-810’ ಅಮೆರಿಕದ ರಕ್ಷಣಾ ಇಲಾಖೆಯ ಒಂದು ದಾಖಲೆ. ಮೊದಲ ಆವೃತ್ತಿ ಬಂದದ್ದು 1962ರಲ್ಲಿ. ‘ಎಚ್’ ಆವೃತ್ತಿ 2019ರದ್ದು. ಸಲಕರಣೆಯೊಂದನ್ನು ಬಿಸಿ, ಚಳಿ, ಮಳೆ, ಧೂಳು, ಉಪ್ಪಿನ ಮಂಜು, ಕಂಪನ, ಹೊಡೆತಗಳಿಗೆ ಒಡ್ಡಿ ಹೇಗೆ ಪರೀಕ್ಷಿಸಬೇಕು ಎಂಬ ವಿಧಾನಗಳು ಅದರಲ್ಲಿವೆ. ಯಾವ ಪರೀಕ್ಷೆ ಮಾಡಬೇಕು, ಎಷ್ಟು ಕಠಿಣವಾಗಿ ಮಾಡಬೇಕು ಎಂಬುದನ್ನು ಆಯಾ ಸಲಕರಣೆಗೆ ತಕ್ಕಂತೆ ಆರಿಸಿಕೊಳ್ಳಬೇಕು. ಕೊನೆಯಲ್ಲಿ ‘ಪಾಸು’ ಎಂದು ಮುದ್ರೆ ಒತ್ತಿಕೊಡುವ ಸರ್ಕಾರಿ ಸಂಸ್ಥೆ ಯಾವುದೂ ಇಲ್ಲ. ಅಂದರೆ ಕಂಪನಿಯೊಂದು ತನಗೆ ಅನುಕೂಲವಾದ ಒಂದು ಪರೀಕ್ಷೆ ಮಾಡಿಸಿ ಇಡೀ ದಾಖಲೆಯ ಹೆಸರನ್ನು ಡಬ್ಬಿಯ ಮೇಲೆ ಅಚ್ಚು ಹಾಕಿಸಬಹುದು. ತಮಾಷೆಯೆಂದರೆ ಆ ದಾಖಲೆಯಲ್ಲಿ ಬೂಷ್ಟಿನ ಪರೀಕ್ಷೆಯೂ ಇದೆ; ಸಲಕರಣೆಯನ್ನು ಕನಿಷ್ಠ 28 ದಿನ ಬೂಷ್ಟು ಬೆಳೆಯುವ ವಾತಾವರಣದಲ್ಲಿ ಇಡುತ್ತಾರೆ. ಚರ್ಮದ ಚಪ್ಪಲಿ, ಟ್ರಂಕಿನ ಬಟ್ಟೆ, ಗೋಡೆಯ ಫೋಟೊ ಎಲ್ಲಕ್ಕೂ ಬೂಷ್ಟು ಹಿಡಿಯುವ ನಮ್ಮ ಕಡೆಗೆ ಹೇಳಿ ಮಾಡಿಸಿದ ಪರೀಕ್ಷೆ! ಅದನ್ನು ಪಾಸು ಮಾಡಿದ್ದೇನೆ ಎಂದು ಹೇಳಿಕೊಂಡ ಅಗ್ಗದ ಗಡಿಯಾರವನ್ನು ನಾನಂತೂ ನೋಡಿಲ್ಲ. ಮುಂದೆ ಯಾರಾದರೂ ಈ ಸಂಖ್ಯೆ ತೋರಿಸಿದರೆ ಯಾವ ವಿಧಾನ, ಯಾರು ಪರೀಕ್ಷಿಸಿದರು ಎಂದು ಕೇಳಿ. ಉತ್ತರ ಬಾರದಿದ್ದರೆ ಅದನ್ನು ಜಾಹೀರಾತು ಎಂದು ಬದಿಗಿಡಿ.

ಸೈನ್ಯಗಳು ನಿಜವಾಗಿ ಕೊಂಡ ಗಡಿಯಾರಗಳ ಕಥೆಯೇ ಬೇರೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ, 1945ರಲ್ಲಿ, ಬ್ರಿಟಿಷ್ ಸೈನ್ಯಕ್ಕೆ ಹನ್ನೆರಡು ಸ್ವಿಸ್ ಕಂಪನಿಗಳು ಒಂದೇ ನಮೂನೆಯ ಗಡಿಯಾರ ಒದಗಿಸಿದವು. ಕಪ್ಪು ಡಯಲ್, ಬಿಳಿ ಅಂಕಿ, ಹೊಳೆಯುವ ಮುಳ್ಳು, ಒಡೆದು ಚೂರಾಗದ ಗಾಜು, ನೀರು ತಡೆಯುವ ಕವಚ, ಅಷ್ಟೇ. ಸಂಗ್ರಾಹಕರು ಈಗ ಅವನ್ನು ‘ಡರ್ಟಿ ಡಜನ್’ ಎಂದು ಕರೆದು ಲಕ್ಷಗಟ್ಟಲೆ ಕೊಡುತ್ತಾರೆ. 1964ರಲ್ಲಿ ಅಮೆರಿಕದ ಸೈನ್ಯ ತಂದ ‘ಮಿಲ್-ಡಬ್ಲ್ಯೂ-46374’ ಎಂಬ ನಿಯಮಾವಳಿಯ ಉದ್ದೇಶ ಇನ್ನೂ ಸರಳ: ಅಗ್ಗವಾಗಿರಲಿ, ಕೆಟ್ಟರೆ ರಿಪೇರಿ ಮಾಡದೆ ಎಸೆಯುವಂತಿರಲಿ. ಇವುಗಳಿಂದ ನಿಮ್ಮಂಥವರು ಕಲಿಯಬಹುದಾದದ್ದು ಓದಲು ಸುಲಭವಾದ ಮುಖ. ನಿದ್ದೆಗಣ್ಣಿನಲ್ಲಿ, ಮಂಜಿನಲ್ಲಿ, ಬೈಕಿನ ಹ್ಯಾಂಡಲ್ ಹಿಡಿದಿರುವಾಗ ಒಂದು ನೋಟಕ್ಕೆ ಸಮಯ ಸಿಗಬೇಕು. ಈಗ ‘ಮಿಲಿಟರಿ’ ಹೆಸರಿನಲ್ಲಿ ಬರುವ ಗಡಿಯಾರಗಳಲ್ಲಿ ಇರುವುದು ಇದಕ್ಕೆ ತದ್ವಿರುದ್ಧ: ಮೂರು ಉಪಡಯಲ್, ಅದರಲ್ಲಿ ಎರಡು ಬರಿಯ ಚಿತ್ರ, ನಾಲ್ಕು ಗುಂಡಿ, ಅದರಲ್ಲಿ ಒಂದು ಒತ್ತಿದರೆ ಏನೂ ಆಗುವುದಿಲ್ಲ. ಕೆಲಸವಿಲ್ಲದ ಗುಂಡಿಗೂ ಕವಚದಲ್ಲಿ ಒಂದು ತೂತು ಕೊರೆದಿದ್ದರೆ ನೀರಿಗೆ ಅದು ಇನ್ನೊಂದು ಬಾಗಿಲು.

ಈಗ ನೀರಿನ ವಿಷಯ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು.

30, 50, 100 ಮೀಟರ್ ಎಂಬ ಅಂಕಿಗಳು ನೀವು ಅಷ್ಟು ಆಳಕ್ಕೆ ಇಳಿಯಬಹುದು ಎಂಬ ಪರವಾನಗಿಯಲ್ಲ, ಒತ್ತಡದ ಅಳತೆ. ಹತ್ತು ಮೀಟರ್ ನೀರು ಹೆಚ್ಚುಕಡಿಮೆ ಒಂದು ಬಾರ್ ಒತ್ತಡ ಕೊಡುತ್ತದೆ. ಐಎಸ್‌ಒ 22810 ಎಂಬ ಅಂತರರಾಷ್ಟ್ರೀಯ ಮಾನದಂಡದ ಪ್ರಕಾರ ಹೊಸ ಗಡಿಯಾರವನ್ನು ಪ್ರಯೋಗಾಲಯದಲ್ಲಿ ಅಷ್ಟು ಒತ್ತಡಕ್ಕೆ ಒಡ್ಡುತ್ತಾರೆ. ಸ್ಥಿರವಾದ ಒತ್ತಡ, ಹತ್ತು ನಿಮಿಷ, ಹೊಚ್ಚ ಹೊಸ ರಬ್ಬರ್. ಮುಳುಗುಗಾರರ ಗಡಿಯಾರಗಳಿಗೆ ಐಎಸ್‌ಒ 6425 ಎಂಬ ಬೇರೆಯೇ, ಕಠಿಣವಾದ ಮಾನದಂಡವಿದೆ. ಅಲ್ಲಿ ಕನಿಷ್ಠವೇ 100 ಮೀಟರ್.

ಅಂಗಡಿಗಳಲ್ಲಿ ಒಂದು ಮಾತು ಕೇಳಿರಬಹುದು: ಈಜುವಾಗ ಕೈ ಬೀಸಿದರೆ ಒತ್ತಡ ಹತ್ತಾರು ಪಟ್ಟು ಏರುತ್ತದೆ, ಅದಕ್ಕೇ 30 ಮೀಟರಿನದು ಸಾಲದು ಎಂದು. ಲೆಕ್ಕ ಹಾಕಿದರೆ ಹಾಗಾಗುವುದಿಲ್ಲ. ಸೆಕೆಂಡಿಗೆ ಐದು ಮೀಟರ್ ವೇಗದಲ್ಲಿ ಕೈ ನೀರನ್ನು ಸೀಳಿದರೂ ಸೇರುವ ಒತ್ತಡ ಸುಮಾರು ಒಂದೂಕಾಲು ಮೀಟರ್ ಆಳದ ನೀರಿನಷ್ಟು, ಅಷ್ಟೇ. ಹೆಬ್ಬೆ ಜಲಪಾತದಂಥ ಕಡೆ ನೀರಿನ ನೇರ ಹೊಡೆತಕ್ಕೆ ಕೈ ಒಡ್ಡಿದರೆ ಮಾತು ಬೇರೆ. ಗಾಳಿಯಲ್ಲಿ ಒಡೆಯದೆ ಇಪ್ಪತ್ತು ಮೀಟರಿನಿಂದ ಬೀಳುವ ನೀರು ಹೆಚ್ಚೆಂದರೆ ಇಪ್ಪತ್ತು ಮೀಟರ್ ಆಳಕ್ಕೆ ಸಮನಾದ ಒತ್ತಡ ಕೊಡಬಲ್ಲದು. ಅದೂ 30ರ ಒಳಗೇ ಇದೆ. ಹಾಗಾದರೆ 50 ಮೀಟರ್ ಎಂದು ಬರೆದದ್ದು ಒಂದು ತೋಟದ ಮಳೆಗೆ ಹೇಗೆ ಸೋತಿತು?

ಸೋತದ್ದು ರಬ್ಬರ್. ಹಿಂಬದಿಯ ಮುಚ್ಚಳಕ್ಕೆ ಒಂದು, ಕೀ ಕೊಡುವ ಗುಂಡಿಗೆ ಒಂದು, ಪ್ರತಿ ಒತ್ತುಗುಂಡಿಗೆ ಒಂದೊಂದು ರಬ್ಬರ್ ಉಂಗುರ ಇರುತ್ತದೆ. ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾದರೆ ಸೀಟಿ ಕೂಗದೆ ಅಂಚಿನಿಂದ ಆವಿ ಹೋಗುವುದು ಗೊತ್ತಲ್ಲ, ಇಲ್ಲಿ ಅದೇ ಕೆಲಸ ಹೊರಗಿನಿಂದ ಒಳಕ್ಕೆ ನಡೆಯುತ್ತದೆ. ಬೆವರು, ಸೋಪು, ಬಿಸಿಲು ಸೇರಿ ಕೆಲವೇ ವರ್ಷಗಳಲ್ಲಿ ರಬ್ಬರ್ ಗಟ್ಟಿಯಾಗಿ ಚಪ್ಪಟೆಯಾಗುತ್ತದೆ. ಅಗ್ಗದ ಗಡಿಯಾರಗಳಲ್ಲಿ ಅಷ್ಟು ದಿನವೂ ಬೇಕಾಗುವುದಿಲ್ಲ. ನಾನು ತೆರೆದ ಕೆಲವುಗಳಲ್ಲಿ ಗುಂಡಿಗೆ ಉಂಗುರವೇ ಇರಲಿಲ್ಲ. ಒಂದೆರಡರಲ್ಲಿ ಮುಚ್ಚಳದ ಉಂಗುರ ತಿರುಚಿಕೊಂಡು ಕುಳಿತಿತ್ತು.

ನೀರಿಗಿಂತ ಆವಿ ಕೆಟ್ಟದ್ದು. 25 ಡಿಗ್ರಿಯ ತುಂಬು ತೇವದ ಗಾಳಿಯಲ್ಲಿ ಪ್ರತಿ ಘನಮೀಟರಿಗೆ ಸುಮಾರು 23 ಗ್ರಾಂ ನೀರಾವಿ ಇರುತ್ತದೆ. 15 ಡಿಗ್ರಿಗೆ ಇಳಿದರೆ ಗಾಳಿಯಲ್ಲಿ ಉಳಿಯಬಲ್ಲದ್ದು 13 ಗ್ರಾಂ. ಮಿಕ್ಕದ್ದು ಹನಿಯಾಗಬೇಕು, ಮತ್ತು ಗಡಿಯಾರದಲ್ಲಿ ಮೊದಲು ತಣ್ಣಗಾಗುವ ಜಾಗ ಗಾಜು. ಇದಕ್ಕೆ ಇನ್ನೊಂದು ಸೇರಿಸಿಕೊಳ್ಳಿ. ಬೈಕಿನ ಮೇಲೆ ಬಿಸಿಲಿಗೆ 45 ಡಿಗ್ರಿ ಕಾದ ಗಡಿಯಾರವನ್ನು ಹಳ್ಳದ 20 ಡಿಗ್ರಿಯ ನೀರಿಗೆ ಅದ್ದಿದರೆ ಒಳಗಿನ ಗಾಳಿಯ ಒತ್ತಡ ಶೇ 8ರಷ್ಟು ಕುಸಿಯುತ್ತದೆ. ಎಲ್ಲಾದರೂ ಸಂದಿಯಿದ್ದರೆ ಗಡಿಯಾರ ತಾನೇ ನೀರನ್ನು ಒಳಕ್ಕೆ ಹೀರುತ್ತದೆ. ಕ್ಯಾಂಪಿನ ಬೆಂಕಿಗೆ ಕೈ ಕಾಯಿಸಿ ತಕ್ಷಣ ತಣ್ಣೀರಲ್ಲಿ ಪಾತ್ರೆ ತೊಳೆದರೂ ಇದೇ ಆಗುತ್ತದೆ. ಇವೆಲ್ಲಕ್ಕಿಂತ ಹೆಚ್ಚು ಗಡಿಯಾರಗಳನ್ನು ಕೊಂದಿರುವುದು ನಮ್ಮ ಬಚ್ಚಲ ಮನೆ. ಹಂಡೆಯ ಸುಡುನೀರು, ಕೋಣೆ ತುಂಬ ಹಬೆ, ಸೋಪು, ಆಮೇಲೆ ಹೊರಗೆ ಬಂದರೆ ಚಳಿಗಾಳಿ. 100 ಮೀಟರ್ ಎಂದು ಬರೆದಿದ್ದರೂ ಬಿಸಿನೀರಿನ ಸ್ನಾನಕ್ಕೆ ಗಡಿಯಾರ ಬಿಚ್ಚಿಡಿ. ಇದನ್ನು ಹೇಳಿದರೆ ತಲೆಯಾಡಿಸಿ ಹೋದವರೇ ಮುಂದಿನ ಜುಲೈನಲ್ಲಿ ಮತ್ತೆ ಬರುತ್ತಾರೆ.

ಅಕ್ಕಿಯ ಉಪಾಯ ನಿಮ್ಮೊಬ್ಬರದೇ ಅಲ್ಲ, ಮೊಬೈಲ್ ಬಂದಾಗಿನಿಂದ ಮನೆಮನೆಯದ್ದು. ಮುಚ್ಚಿದ ಗಡಿಯಾರದೊಳಗಿನ ತೇವವನ್ನು ಹೊರಗಿನ ಅಕ್ಕಿ ಎಳೆದುಕೊಳ್ಳುವುದಿಲ್ಲ. ಹನಿ ಮಾಯವಾದದ್ದು ಅಡುಗೆಮನೆಯ ಬೆಚ್ಚಗೆಗೆ ಅದು ಮತ್ತೆ ಆವಿಯಾದ್ದರಿಂದ. ಆವಿ ಒಳಗೇ ಉಳಿದು ಸೆಲ್ಲಿನ ತಗಡಿಗೂ ಸುರುಳಿಯ ಕೂದಲೆಳೆ ತಂತಿಗೂ ತುಕ್ಕು ಹಿಡಿಸಿತು; ತಿಂಗಳ ನಂತರ ನಿಂತದ್ದು ಅದಕ್ಕೆ. ಹೆಂಚಿನ ಮೇಲೆ ಬಿಸಿಲಿಗಿಡುವುದು, ಒಲೆಯ ಮೇಲಿನ ಅಟ್ಟದಲ್ಲಿಡುವುದು ಕೂಡ ಇದೇ ಜಾತಿಯ ಚಿಕಿತ್ಸೆ. ಮಾಡಬೇಕಾದ್ದು ಇಷ್ಟು: ಹನಿ ಕಂಡ ದಿನವೇ, ತಪ್ಪಿದರೆ ಮರುದಿನ, ಮುಚ್ಚಳ ತೆರೆಸಿ ಸೆಲ್ ತೆಗೆಸಿ ಒಣಗಿಸಬೇಕು. ಊರಿಗೆ ಮರಳಲು ಎರಡು ದಿನವಿದ್ದರೆ ಗಡಿಯಾರವನ್ನು ಮೈಗೆ ತಾಗಿಸಿ ಬೆಚ್ಚಗಿಟ್ಟುಕೊಳ್ಳಿ. ಹನಿ ಮತ್ತೆ ಮತ್ತೆ ಕಟ್ಟಿ ಕರಗುವುದಾದರೂ ತಪ್ಪುತ್ತದೆ. ಗುಂಡಿ ಎಳೆದು ‘ಗಾಳಿಯಾಡಲು’ ಬಿಡಬೇಡಿ, ಮಳೆಗಾಲದಲ್ಲಿ ಒಳಗೆ ಹೋಗುವುದು ಇನ್ನಷ್ಟು ತೇವ.

ಒಂದು ಪರೀಕ್ಷೆಯನ್ನು ಮನೆಯಲ್ಲೇ ಮಾಡಬಹುದು. ಪ್ರಯೋಗಾಲಯದವರೂ ಇದನ್ನೇ ಸ್ವಲ್ಪ ಶಿಸ್ತಿನಿಂದ ಮಾಡುತ್ತಾರೆ. ಗಡಿಯಾರವನ್ನು 40-45 ಡಿಗ್ರಿಗೆ, ಅಂದರೆ ಕೈಗೆ ಚೆನ್ನಾಗಿ ಬೆಚ್ಚಗೆನ್ನಿಸುವಷ್ಟು ಕಾಯಿಸಿ. ಬಿಸಿನೀರಿನ ಪಾತ್ರೆಯ ಮುಚ್ಚಳದ ಮೇಲೆ ಒಣ ಬಟ್ಟೆ ಹಾಸಿ ಇಟ್ಟರೆ ಸಾಕು, ಹಬೆ ತಾಗಬಾರದು. ಗಾಜಿನ ಮೇಲೆ ಒಂದು ಹನಿ ತಣ್ಣೀರು ಬಿಟ್ಟು ಒಂದು ನಿಮಿಷದ ನಂತರ ಒರೆಸಿ. ಹನಿ ಇದ್ದ ಜಾಗದಲ್ಲಿ ಗಾಜಿನ ಒಳಬದಿಗೆ ಮಬ್ಬು ಕಂಡರೆ ಒಳಗೆ ತೇವ ಸೇರಿದೆ. ಹೊಸ ಗಡಿಯಾರ ಬಂದ ದಿನವೇ ಮಾಡಿ ನೋಡಿ, ಹಿಂದಿರುಗಿಸುವ ಅವಧಿ ಮುಗಿಯುವ ಮೊದಲು.

ದಿಕ್ಸೂಚಿ, ಎತ್ತರಮಾಪಕ ಬೇಕೇ ಎಂಬ ಪ್ರಶ್ನೆಗೆ ಬಂದರೆ, ನನ್ನ ಅಭಿಪ್ರಾಯದಲ್ಲಿ ನಿಮ್ಮ ಬಜೆಟ್ಟಿನಲ್ಲಿ ಬೇಡ. ಎತ್ತರಮಾಪಕ ಅಳೆಯುವುದು ಗಾಳಿಯ ಒತ್ತಡವನ್ನು. 1,930 ಮೀಟರಿನ ಮುಳ್ಳಯ್ಯನಗಿರಿಯ ಆಸುಪಾಸಿನಲ್ಲಿ ಒತ್ತಡ ಒಂದು ಹೆಕ್ಟೊಪಾಸ್ಕಲ್ (ಗಾಳಿಯ ಒತ್ತಡದ ಅಳತೆ) ಇಳಿದರೆ ಅದು ಸುಮಾರು ಹತ್ತು ಮೀಟರ್ ಏರಿದಂತೆ ಓದುತ್ತದೆ. ನಮ್ಮಂಥ ಉಷ್ಣವಲಯದಲ್ಲಿ ಒತ್ತಡ ದಿನಕ್ಕೆ ಎರಡು ಸಲ ತಾನಾಗಿಯೇ ಏರಿಳಿಯುತ್ತದೆ. ಬೆಳಗ್ಗೆ ಹತ್ತರ ಸುಮಾರಿಗೆ ಹೆಚ್ಚು, ಸಂಜೆ ನಾಲ್ಕರ ಸುಮಾರಿಗೆ ಮೂರ್ನಾಲ್ಕು ಹೆಕ್ಟೊಪಾಸ್ಕಲ್ ಕಡಿಮೆ. ಟೆಂಟಿನಲ್ಲಿ ಮಲಗಿಸಿಟ್ಟ ಗಡಿಯಾರ ಸಂಜೆಯೊಳಗೆ ಮೂವತ್ತು ಮೀಟರ್ ಬೆಟ್ಟ ಹತ್ತಿರುತ್ತದೆ. ಇದನ್ನೇ ದೋಷವೆಂದುಕೊಂಡು ರಿಪೇರಿಗೆ ತಂದವರಿದ್ದಾರೆ. ಎತ್ತರ ಗೊತ್ತಿರುವ ಜಾಗದಲ್ಲಿ ಆಗಾಗ ಸರಿಹೊಂದಿಸಿಕೊಳ್ಳುವ ತಾಳ್ಮೆ ಇದ್ದವರಿಗೆ ಅದು ಒಳ್ಳೆಯ ಸಾಧನ. ದಿಕ್ಸೂಚಿಗೆ ನಮ್ಮ ಬೆಟ್ಟಗಳಲ್ಲಿ ಇನ್ನೊಂದು ತೊಡಕು ಇದೆ. ಕುದುರೆಮುಖದಲ್ಲಿ ವರ್ಷಗಟ್ಟಲೆ ಅಗೆದ ಅದಿರು ಮ್ಯಾಗ್ನೆಟೈಟ್, ಅಯಸ್ಕಾಂತ ಗುಣದ ಕಬ್ಬಿಣ. ಬಾಬಾಬುಡನ್ ಶ್ರೇಣಿಯ ಬಂಡೆಗಳಲ್ಲೂ ಅದರ ಪದರಗಳಿವೆ. ಅಂಥ ಬಂಡೆಗೆ ಕೈಯೂರಿ ದಿಕ್ಕು ನೋಡಿದರೆ ಉತ್ತರ ಎಲ್ಲಿಗೆ ಬೇಕಾದರೂ ತಿರುಗಬಹುದು. ಕೆಲವು ನೂರು ರೂಪಾಯಿಯ ಚಪ್ಪಟೆ ದಿಕ್ಸೂಚಿಯನ್ನು ಚೀಲದಲ್ಲಿಟ್ಟುಕೊಂಡು, ಬಂಡೆ ಮತ್ತು ಬೈಕಿನಿಂದ ದೂರ ನಿಂತು ನೋಡುವುದು ವಾಸಿ.

ಮುಳ್ಳಿನ ಗಡಿಯಾರವಿದ್ದರೆ ಸೂರ್ಯನ ಕಡೆ ಗಂಟೆಯ ಮುಳ್ಳು ತಿರುಗಿಸಿ, ಅದಕ್ಕೂ ಹನ್ನೆರಡಕ್ಕೂ ನಡುವಿನ ದಿಕ್ಕೇ ದಕ್ಷಿಣ ಎಂಬ ಪಾಠ ಸ್ಕೌಟ್‌ನಲ್ಲಿ ಕಲಿತಿರಬಹುದು, ಮಕ್ಕಳಿಗೆ ಕಲಿಸಿಯೂ ಇರಬಹುದು. ಅದು ಯೂರೋಪಿನಂಥ ದೂರದ ಅಕ್ಷಾಂಶಗಳಿಗೆ ಹೊಂದುವ ಉಪಾಯ. ಚಿಕ್ಕಮಗಳೂರು ಇರುವುದು 13 ಡಿಗ್ರಿ ಉತ್ತರದಲ್ಲಿ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಗಿಂತ ಉತ್ತರಕ್ಕೇ ಇರುತ್ತಾನೆ. ಆ ತಿಂಗಳುಗಳಲ್ಲಿ ಲೆಕ್ಕ ತಲೆಕೆಳಗು. ಮೇಲಾಗಿ ನಮ್ಮ ಗಡಿಯಾರಗಳು ನಡೆಯುವುದು 82.5 ಡಿಗ್ರಿ ರೇಖಾಂಶದ ಸಮಯಕ್ಕೆ. ಅಲ್ಲಿಂದ ಪಶ್ಚಿಮಕ್ಕಿರುವ ನಮ್ಮಲ್ಲಿ ಸೂರ್ಯ ಸರಾಸರಿ 27 ನಿಮಿಷ ತಡ. ಡಿಸೆಂಬರಿನ ಬೆಳಗ್ಗೆ ಅಂದಾಜಿಗೆ ಬಳಸಬಹುದು. ದಾರಿ ತಪ್ಪಿದಾಗ ಇದನ್ನು ನಂಬಿ ಹೆಜ್ಜೆ ಇಡಬೇಡಿ.

ಅಮೆರಿಕದಿಂದ ಬರುವ ಗಡಿಯಾರದ ಬಗ್ಗೆ ಖಡಾಖಂಡಿತವಾಗಿ ಹೇಳುತ್ತೇನೆ: ತರಿಸಬೇಡಿ. ಜಿಪಿಎಸ್ ಗಡಿಯಾರ ಉಪಗ್ರಹದ ಸಂಕೇತವನ್ನು ಕೇಳಿಸಿಕೊಳ್ಳುತ್ತದೆ ಅಷ್ಟೇ, ಅದಕ್ಕೆ ಯಾರ ಅಡ್ಡಿಯೂ ಇಲ್ಲ. ಉಪಗ್ರಹಕ್ಕೆ ಸಂದೇಶ ಕಳುಹಿಸುವ ಸಾಧನವನ್ನು ಭಾರತದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇಟ್ಟುಕೊಳ್ಳುವುದು ಕಾನೂನಿಗೆ ವಿರುದ್ಧ. ಉಪಗ್ರಹ ಫೋನ್, ಸಂದೇಶ ಸಾಧನ ಹಿಡಿದು ಬಂದ ವಿದೇಶಿ ಪ್ರವಾಸಿಗರು ವಿಮಾನ ನಿಲ್ದಾಣಗಳಲ್ಲಿ ಸಿಕ್ಕಿಬಿದ್ದ ಸುದ್ದಿ ಪತ್ರಿಕೆಗಳಲ್ಲಿ ಬಂದಿದೆ. ಉಡುಗೊರೆ ಕೊಟ್ಟವರೂ ಪಡೆದವರೂ ಠಾಣೆ ಸುತ್ತುವಂತಾಗಬಾರದು.

ರೇಡಿಯಂ ಭಯಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು. 1920ರ ದಶಕದಲ್ಲಿ ಅಮೆರಿಕದ ಕಾರ್ಖಾನೆಗಳಲ್ಲಿ ಕುಂಚದ ತುದಿಯನ್ನು ತುಟಿಯಿಂದ ಮೊನಚು ಮಾಡಿಕೊಂಡು ಡಯಲ್‌ಗಳಿಗೆ ರೇಡಿಯಂ ಹಚ್ಚಿದ ಯುವತಿಯರಲ್ಲಿ ಹಲವರು ಮೂಳೆ ಕೊಳೆತು ಸತ್ತರು. 1960ರ ದಶಕದ ನಂತರ ಅದರ ಬಳಕೆ ಬಹುಮಟ್ಟಿಗೆ ನಿಂತಿತು. ಈಗಿನ ಗಡಿಯಾರಗಳಲ್ಲಿ ಹೊಳೆಯುವುದು ಸಾಮಾನ್ಯವಾಗಿ ಸ್ಟ್ರಾಂಷಿಯಂ ಅಲ್ಯುಮಿನೇಟ್, 1993ರಲ್ಲಿ ಜಪಾನಿನ ನೆಮೊಟೊ ಕಂಪನಿ ರೂಪಿಸಿದ ಪುಡಿ. ಅದರಲ್ಲಿ ವಿಕಿರಣವಿಲ್ಲ, ಬೆಳಕು ಕುಡಿದು ಕತ್ತಲಲ್ಲಿ ಬಿಡುತ್ತದೆ, ಮೊದಲ ಗಂಟೆ ಪ್ರಖರವಾಗಿ, ಆಮೇಲೆ ಮಂದವಾಗಿ. ಕೆಲವು ದುಬಾರಿ ಗಡಿಯಾರಗಳಲ್ಲಿ ಟ್ರಿಟಿಯಂ ಅನಿಲ ತುಂಬಿದ ಪುಟ್ಟ ಗಾಜಿನ ಕೊಳವೆಗಳಿರುತ್ತವೆ. ರಾತ್ರಿಯಿಡೀ ಬೆಳಗುತ್ತವೆ, ಹನ್ನೆರಡು ವರ್ಷಗಳಲ್ಲಿ ಬೆಳಕು ಅರ್ಧಕ್ಕಿಳಿಯುತ್ತದೆ, ಕಿರಣ ಗಾಜನ್ನು ದಾಟುವುದಿಲ್ಲ. ಎಚ್ಚರ ಬೇಕಾದ್ದು ಅಜ್ಜನ ಕಾಲದ ಗಡಿಯಾರಗಳ ಬಗ್ಗೆ. ಅವುಗಳ ಹೊಳಪು ಸತ್ತಿದ್ದರೂ ರೇಡಿಯಂ ಸತ್ತಿರುವುದಿಲ್ಲ, ಅದರ ಅರ್ಧಾಯುಷ್ಯ 1,600 ವರ್ಷ. ಕೈಗೆ ಕಟ್ಟಿದರೆ ಅಪಾಯ ಸಣ್ಣದು, ತೆರೆದು ಕೆರೆದು ಪುಡಿ ಎಬ್ಬಿಸಿದರೆ ದೊಡ್ಡದು.

ಅಪ್ಪನ ಪೈಲಟ್ ಬಗ್ಗೆ ನೀವು ಕೇಳಿದ್ದು ಒಳ್ಳೆಯದಾಯಿತು. ಎಚ್‌ಎಂಟಿ ಬೆಂಗಳೂರಿನಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಗಡಿಯಾರ ಮಾಡಲು ತೊಡಗಿತು. ಪೈಲಟ್ ಅದರ ಅಚ್ಚುಕಟ್ಟಾದ ಮಾದರಿಗಳಲ್ಲೊಂದು. ಕಪ್ಪು ಮುಖ, ದಪ್ಪ ಬಿಳಿ ಅಂಕಿ, ಹದಿನೇಳು ಕಲ್ಲಿನ (ಚಕ್ರಗಳ ಮೊನೆ ಸವೆಯದಂತೆ ಕೂರಿಸುವ ಜ್ಯುವೆಲ್) ಕೀ ಕೊಡುವ ಯಂತ್ರ. ಸೈನ್ಯದ ಗಡಿಯಾರದ ಮುಖ ಹೇಗಿರಬೇಕೋ ಹಾಗೇ ಇದೆ, ಅದೂ ನಮ್ಮ ನೆಲದಲ್ಲಿ ಮಾಡಿದ್ದು. ಡಯಲ್ ಮೇಲೆ ‘ಪ್ಯಾರಾಶಾಕ್’ ಎಂದಿದ್ದರೆ ಚಕ್ರದ ಸೂಜಿಮೊನೆಗೆ ಹೊಡೆತ ತಡೆಯುವ ಸ್ಪ್ರಿಂಗ್ ಇದೆ ಎಂದರ್ಥ, ನೀರಿಗೂ ಅದಕ್ಕೂ ಸಂಬಂಧವಿಲ್ಲ. ಎಣ್ಣೆ ಹಾಕಿಸಿ, ಗಾಜು ಪಾಲಿಶ್ ಮಾಡಿಸಿ, ಶಾಲೆಗೆ ಕಟ್ಟಿಕೊಂಡು ಹೋಗಿ. ಟೆಂಟಿಗೆ ಬೇಡ. ಆ ಯಂತ್ರದ ಬಿಡಿಭಾಗಗಳು ಈಗ ಹಳೆಯ ಗಡಿಯಾರಗಳನ್ನು ಒಡೆದೇ ಸಿಗಬೇಕು, ಒಂದು ಹನಿ ನೀರು ಅದಕ್ಕೆ ಮಾಡುವ ಹಾನಿಗೆ ಹೊಸ ಭಾಗ ಬರುವುದಿಲ್ಲ. ಡಯಲ್‌ಗೆ ಹೊಸ ಬಣ್ಣ ಹೊಡೆಸೋಣ ಎನ್ನುವ ರಿಪೇರಿಯವರಿಂದ ದೂರವಿರಿ. ಆನ್‌ಲೈನ್‌ನಲ್ಲಿ ‘ಹೊಸದರಂತಿರುವ ಎಚ್‌ಎಂಟಿ’ ಎಂದು ಕೆಂಪು, ಹಸಿರು ಮುಖಗಳಲ್ಲಿ ಮಾರುತ್ತಿರುವವುಗಳಲ್ಲಿ ಹೆಚ್ಚಿನವು ಹೀಗೆ ಬಣ್ಣ ಬಳಿದವೇ.

ಹಾಗಾದರೆ ಏನು ಕೊಳ್ಳಬೇಕು? ನನ್ನ ಮೊದಲ ಆಯ್ಕೆ ಕ್ಯಾಸಿಯೊ ಜಿ-ಶಾಕ್‌ನ ಚೌಕಾಕಾರದ ಸರಳ ಡಿಜಿಟಲ್, ಡಿಡಬ್ಲ್ಯೂ-5600 ಸರಣಿಯದ್ದು. ಕಿಕುಒ ಇಬೆ ಎಂಬ ಎಂಜಿನಿಯರ್ ಹತ್ತು ಮೀಟರಿನಿಂದ ಬಿದ್ದರೂ ಒಡೆಯದ, ಹತ್ತು ಬಾರ್ ನೀರು ತಡೆಯುವ, ಹತ್ತು ವರ್ಷ ಸೆಲ್ ಬಾಳುವ ಗಡಿಯಾರ ಬೇಕೆಂದು ಹೊರಟು 1983ರಲ್ಲಿ ತಂದ ಮೊದಲ ಮಾದರಿಯ ನೇರ ಸಂತಾನ ಇದು. 200 ಮೀಟರ್, 53 ಗ್ರಾಂ ಆಸುಪಾಸಿನ ತೂಕ, ತಿಂಗಳಿಗೆ ಹದಿನೈದು ಸೆಕೆಂಡಿನೊಳಗಿನ ವ್ಯತ್ಯಾಸ, ದೀಪ, ಅಲಾರಂ, ಇಳಿಎಣಿಕೆ (ಕೌಂಟ್‌ಡೌನ್). ನಿಮ್ಮ ಎಂಟು ಸಾವಿರದೊಳಗೆ ಬರುತ್ತದೆ. ಇಳಿಎಣಿಕೆಯನ್ನು ನಾನು ಎತ್ತರಮಾಪಕಕ್ಕಿಂತ ಮೇಲಿಡುತ್ತೇನೆ. ಕುದುರೆಮುಖ ರಾಷ್ಟ್ರೀಯ ಉದ್ಯಾನದೊಳಗೆ ರಾತ್ರಿ ತಂಗುವಂತಿಲ್ಲ, ಸಂಜೆಯೊಳಗೆ ಇಳಿಯಲೇಬೇಕು. ನವೆಂಬರ್ ಕೊನೆಯಲ್ಲಿ ನಮ್ಮ ಕಡೆ ಆರು ಗಂಟೆಗೇ ಸೂರ್ಯ ಮುಳುಗುತ್ತಾನೆ, ಶೋಲಾ ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲು. ಹತ್ತಲು ತೊಡಗುವಾಗಲೇ ‘ಎಲ್ಲಿದ್ದರೂ ಹಿಂದಿರುಗು’ ಎಂಬ ಹೊತ್ತಿಗೆ ಎಣಿಕೆ ಹಚ್ಚಿಬಿಡಿ.

ಇದರಲ್ಲೂ ದೋಷಗಳಿವೆ. ತೇವದ ಹವೆಯಲ್ಲಿ ಎಂಟು ಹತ್ತು ವರ್ಷಕ್ಕೆ ಅದರ ಪ್ಲಾಸ್ಟಿಕ್ ಕವಚ, ಪಟ್ಟಿ ಬಿರುಕು ಬಿಡುತ್ತವೆ, ಬದಲಿಸಬೇಕಾಗುತ್ತದೆ. ಡೀಟ್ ಎಂಬ ರಾಸಾಯನಿಕ ಇರುವ ಸೊಳ್ಳೆ ಮುಲಾಮು ಪ್ಲಾಸ್ಟಿಕ್ಕನ್ನು ಕರಗಿಸುತ್ತದೆ, ಹಚ್ಚಿದ ಕೈ ಒಣಗುವ ತನಕ ಗಡಿಯಾರ ಕಟ್ಟಬೇಡಿ. ಮಾರುಕಟ್ಟೆಯಲ್ಲಿ ನಕಲಿಗಳು ಧಾರಾಳ. ಬಿಲ್ಲು ಮತ್ತು ಮುದ್ರೆಯಿರುವ ವಾರಂಟಿ ಕಾರ್ಡ್ ಕೊಡುವ ಅಂಗಡಿಯಲ್ಲೇ ಕೊಳ್ಳಿ.

ಮುಳ್ಳಿನ ಗಡಿಯಾರವೇ ಇಷ್ಟವಾದರೆ ಟೈಮೆಕ್ಸ್ ಎಕ್ಸ್‌ಪೆಡಿಷನ್ ಮಾದರಿಗಳನ್ನು ನೋಡಿ. ಗುಂಡಿ ಒತ್ತಿದರೆ ಇಡೀ ಡಯಲ್ ಬೆಳಗುತ್ತದೆ, ಮುಖ ಸೈನ್ಯದ ಗಡಿಯಾರದಂತೆ ಶುಭ್ರ. ಸ್ಕೌಟ್ ಎಂಬ ಮಾದರಿ ಸಾಮಾನ್ಯವಾಗಿ 50 ಮೀಟರಿನದು, ಟಿಕ್ ಟಿಕ್ ಸದ್ದು ಜೋರು; ಟೆಂಟಿನೊಳಗೆ ಕೆಲವರಿಗೆ ನಿದ್ದೆ ಬರುವುದಿಲ್ಲ. ಸಿಟಿಜನ್‌ನ ಬೆಳಕಿನಿಂದ ನಡೆಯುವ ಗಡಿಯಾರಗಳು ಇನ್ನೂ ಉತ್ತಮ, ಒಮ್ಮೆ ತುಂಬಿದರೆ ತಿಂಗಳುಗಟ್ಟಲೆ ಓಡುತ್ತವೆ, ಸೆಲ್ಲಿಗಾಗಿ ಪದೇ ಪದೇ ಮುಚ್ಚಳ ತೆರೆಯಬೇಕಿಲ್ಲ. ಅವುಗಳ ಒಳ್ಳೆಯ ಮಾದರಿಗಳು ನಿಮ್ಮ ಬಜೆಟ್ ದಾಟುತ್ತವೆ. ಮತ್ತೊಂದು ತುದಿಗೆ, ಎರಡು ಸಾವಿರದೊಳಗಿನ ಕ್ಯಾಸಿಯೊ ಎಫ್-91ಡಬ್ಲ್ಯೂ. 1989ರಿಂದ ಬರುತ್ತಿದೆ, 21 ಗ್ರಾಂ, ಸೆಲ್ ಏಳು ವರ್ಷ. ಬಲಗಡೆಯ ಗುಂಡಿಯನ್ನು ಮೂರು ಸೆಕೆಂಡು ಒತ್ತಿ ಹಿಡಿದರೆ ಪರದೆಯಲ್ಲಿ ಕಂಪನಿಯ ಹೆಸರು ಮೂಡುತ್ತದೆ, ಅಸಲಿಯೇ ಎಂದು ನೋಡುವ ಒಂದು ದಾರಿ. ದೀಪ ಮಾತ್ರ ಹೆಸರಿಗಷ್ಟೇ. ಮಳೆ ತಡೆಯುತ್ತದೆ, ಹಳ್ಳಕ್ಕೆ ಇಳಿಸಬೇಡಿ. ಕೆಟ್ಟರೆ ದುಃಖವಿಲ್ಲದೆ ಇನ್ನೊಂದು ಕೊಳ್ಳಬಹುದು. 1964ರ ಅಮೆರಿಕನ್ ಸೈನ್ಯದ ತರ್ಕಕ್ಕೆ ಇದೇ ಹತ್ತಿರ.

ಅಗಲ 43 ಮಿಲಿಮೀಟರ್ ದಾಟದಿರಲಿ. ದೊಡ್ಡದು ಚೀಲದ ಪಟ್ಟಿಗೂ ಕಾಫಿ ಗಿಡದ ರೆಂಬೆಗೂ ಸಿಕ್ಕಿಕೊಳ್ಳುತ್ತದೆ. ಚರ್ಮದ ಬೆಲ್ಟ್ ಮಳೆಗಾಲದಲ್ಲಿ ಕೊಳೆಯುತ್ತದೆ. ಮುಳ್ಳಿನ ಗಡಿಯಾರ ಕೊಂಡರೆ ಒಂದೇ ಉದ್ದ ತುಂಡಿನ ನೈಲಾನ್ ಪಟ್ಟಿ ಹಾಕಿಸಿ. ಬ್ರಿಟಿಷ್ ರಕ್ಷಣಾ ಇಲಾಖೆ 1973ರಲ್ಲಿ ನಿಗದಿ ಮಾಡಿದ ನಮೂನೆ ಅದು. ಗಡಿಯಾರದ ಅಡಿಯಿಂದ ಹಾದುಹೋಗುವುದರಿಂದ ಒಂದು ಕಡೆಯ ಸ್ಪ್ರಿಂಗ್ ಕಡ್ಡಿ ಮುರಿದರೂ ಗಡಿಯಾರ ಹಳ್ಳದ ಪಾಲಾಗುವುದಿಲ್ಲ. ಇಂಬಳಕ್ಕೆಂದು ಹಚ್ಚುವ ಸುಣ್ಣ, ತಂಬಾಕು, ಉಪ್ಪು ಗುಂಡಿಗಳ ಸಂದಿಯಲ್ಲಿ ಕುಳಿತು ರಬ್ಬರ್ ಹಾಳುಮಾಡುತ್ತವೆ. ಮನೆಗೆ ಬಂದ ಕೂಡಲೇ, ಗುಂಡಿ ಒಳಗೊತ್ತಿದೆ ಎಂದು ಖಚಿತಪಡಿಸಿಕೊಂಡು, ತಣ್ಣೀರಿನಲ್ಲಿ ತೊಳೆದು ಒರೆಸಿಡಿ.

ಯಾವುದನ್ನೇ ಕೊಳ್ಳಿ, ಸೆಲ್ ಬದಲಿಸುವಾಗ ರಬ್ಬರ್ ಉಂಗುರವನ್ನೂ ಬದಲಿಸಿ, ಸಿಲಿಕೋನ್ ಗ್ರೀಸ್ ಸವರಿ, ಒತ್ತಡದ ಯಂತ್ರದಲ್ಲಿ ಪರೀಕ್ಷಿಸಿ ಕೊಡುವ ಕಡೆಯೇ ಮಾಡಿಸಿ. ಬಸ್ ನಿಲ್ದಾಣದ ಬಳಿ ಐದು ನಿಮಿಷದಲ್ಲಿ ಸೆಲ್ ಹಾಕಿಸಿಕೊಂಡರೆ 200 ಮೀಟರಿನ ಗಡಿಯಾರವೂ ಅಲ್ಲಿಂದ ಮುಂದೆ ಎಷ್ಟು ಮೀಟರಿನದು ಎಂದು ಯಾರೂ ಹೇಳಲಾರರು. ಈ ಕೆಲಸಕ್ಕೆ ಫೆಬ್ರವರಿ ಇಲ್ಲವೇ ಮಾರ್ಚ್ ಆರಿಸಿಕೊಳ್ಳಿ. ಮುಚ್ಚಳ ಹಾಕುವಾಗ ಆ ಕೋಣೆಯಲ್ಲಿರುವ ಗಾಳಿಯೇ ಒಳಗೆ ಉಳಿಯುವುದು, ನಮ್ಮಲ್ಲಿ ಅದು ಒಣಗಿರುವುದು ಆ ಎರಡು ತಿಂಗಳಲ್ಲಿ.